ಹುಲ್ಲಟ್ಟದ ಕೆಳಗಿನ ಹಸುಗಳು

2019ರ ಮಾರ್ಚ್ 14, ಗುರುವಾರ, ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾನು ಕೌಂಟಿಯ ಭೂಬಳಕೆ ಸಮಿತಿಯ ಮೇಜಿನಿಂದ ಎದ್ದು, ನನ್ನ ಹೆಸರಿನ ಫಲಕವನ್ನು ಬೋರಲು ಮಾಡಿ, ಸಾರ್ವಜನಿಕರಿಗೆಂದು ಹಾಕಿದ್ದ ಕುರ್ಚಿಗಳ ಕೊನೆಯ ಸಾಲಿಗೆ ಹೋಗಿ ಕುಳಿತೆ. ಮುಂದಿನ ಅರ್ಜಿ ನನ್ನ ತಮ್ಮನದಾಗಿತ್ತು. ಸ್ವಂತದವರ ಅರ್ಜಿ ಬಂದಾಗ ಸದಸ್ಯರು ಮೇಜು ಬಿಟ್ಟು ಏಳಬೇಕೆಂಬುದು ನಿಯಮ. ಅದು ಒಳ್ಳೆಯ ನಿಯಮವೆಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ತಮ್ಮ ವರ್ಲಿನ್ ಬ್ರೆಕ್ಕೆ ಮೊದಲ ಸಾಲಿನಲ್ಲಿ ಕುಳಿತಿದ್ದ. ಚರ್ಚಿಗೆ ಹಾಕಿಕೊಳ್ಳುವ ಕೋಟು ಹಾಕಿದ್ದ. ಟೋಪಿ ಮೊಣಕಾಲ ಮೇಲಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕೊರೀನ್. ಅವರ ಕೋರಿಕೆ ಇಷ್ಟು: ಕೃಷಿಗೆಂದು ಗುರುತಿಸಿದ ಅವರ ಜಮೀನಿನಲ್ಲಿರುವ ಕೊಟ್ಟಿಗೆಯ ಹುಲ್ಲಟ್ಟದಲ್ಲಿ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಶನಿವಾರಗಳಂದು ಮದುವೆಗಳನ್ನು ನಡೆಸಲು ಅನುಮತಿ.

ಆ ಕೊಟ್ಟಿಗೆಯನ್ನು ನಮ್ಮ ಅಜ್ಜ ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ್ದು. ಕೆಳಗೆ ಕಲ್ಲಿನ ಗೋಡೆ, ಅಲ್ಲಿ ಹಸುಗಳು. ಮೇಲೆ ಮರದ ಅಟ್ಟ, ಅಲ್ಲಿ ಚಳಿಗಾಲದ ಒಣಹುಲ್ಲು. ಗುಡ್ಡದ ಕಡೆಯಿಂದ ಗಾಡಿ ಸೀದಾ ಅಟ್ಟದೊಳಕ್ಕೇ ಹೋಗುತ್ತಿತ್ತು. ಈಗ ಹುಲ್ಲನ್ನು ದೊಡ್ಡ ಉರುಳೆಗಳಾಗಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ಹೊಲದಲ್ಲೇ ಬಿಡುತ್ತಾರೆ. ಅಟ್ಟ ಖಾಲಿಯಾಗಿ ಬಹಳ ವರ್ಷವಾಗಿತ್ತು. ಊರಿನ ಹುಡುಗಿಯರಿಗೂ ಪಟ್ಟಣದ ಹುಡುಗಿಯರಿಗೂ ಈಚೆಗೆ ಇಂಥ ಅಟ್ಟದಲ್ಲೇ ಮದುವೆಯಾಗುವ ಆಸೆ.

ವರ್ಲಿನ್‌ಗೆ ಬೇಕಿದ್ದದ್ದು ಮದುವೆಯಲ್ಲ, ಹಸು. ಹಾಲಿಗೆ ಸಿಗುತ್ತಿದ್ದ ಬೆಲೆ ಹಿಂಡಿಗೂ ಡೀಸೆಲ್‌ಗೂ ಸಾಲದ ಕಾಲ ಅದು. ನಾನು ಹುಡುಗಿಯಾಗಿದ್ದಾಗ ಬೆಳಗಿನ ಜಾವ ನಮ್ಮ ಕಣಿವೆಯ ರಸ್ತೆಯುದ್ದಕ್ಕೂ ಕೊಟ್ಟಿಗೆಗಳಲ್ಲಿ ದೀಪ ಉರಿಯುತ್ತಿತ್ತು. ಒಬ್ಬೊಬ್ಬರಾಗಿ ಹಾಲಿನ ಕಸುಬು ಬಿಟ್ಟರು. ಈಗ ಅವನದೊಂದೇ ದೀಪ. "ಇಷ್ಟು ವರ್ಷ ಹಸುಗಳು ನಮ್ಮನ್ನ ಸಾಕಿದ್ವು, ಇನ್ಮೇಲೆ ಮದುಮಕ್ಕಳು ಹಸುಗಳನ್ನ ಸಾಕಲಿ," ಎಂದು ನಗುತ್ತಿದ್ದ. ಶನಿವಾರ ಮಧ್ಯಾಹ್ನ ಸ್ವಲ್ಪ ಬೇಗ ಹಾಲು ಕರೆದು, ಹಸುಗಳನ್ನು ದೂರದ ಹುಲ್ಲುಗಾವಲಿಗೆ ಅಟ್ಟಿ, ನೆಲ ತೊಳೆದುಬಿಟ್ಟರೆ, ಸಂಜೆ ಮೇಲೆ ಕುಣಿತ, ಭಾನುವಾರ ಬೆಳಿಗ್ಗೆ ಕೆಳಗೆ ಮತ್ತೆ ಹಾಲು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಹಾಲಿನ ಸೂಕ್ಷ್ಮಜೀವಿಶಾಸ್ತ್ರ ಓದಿ, ನಿವೃತ್ತಿಯವರೆಗೂ ಸಹಕಾರಿ ಡೇರಿಯ ಪ್ರಯೋಗಾಲಯದಲ್ಲಿದ್ದವಳು. ಆ ಲೆಕ್ಕವನ್ನು ನಾನೂ ಕೂತು ನೋಡಿದ್ದೆ.

ನನ್ನ ಪಕ್ಕದ ಕುರ್ಚಿಯಲ್ಲಿ ನಾರ್ಬರ್ಟ್ ಜಿಟ್ಜ್ನರ್ ಇದ್ದ. ವರ್ಲಿನ್‌ನ ಬೇಲಿಯಾಚೆಯ ನೆರೆಯವನು. ನಾಲ್ಕು ವರ್ಷದ ಹಿಂದೆ ತನ್ನ ಹಸುಗಳನ್ನು ಮಾರಿ, ಈಗ ಬೇರೆಯವರ ದನಗಳನ್ನು ತನ್ನ ಟ್ರೇಲರ್‌ನಲ್ಲಿ ಸಾಗಿಸುತ್ತಾನೆ. ಅವನು ಜರ್ಮನ್ ಕ್ಯಾಥೊಲಿಕ್. ಅಜ್ಜಂದಿರ ಕಾಲದಲ್ಲಿ ನಾರ್ವೆಯಿಂದ ಅಮೆರಿಕಕ್ಕೆ ಬಂದ ಲೂಥರನ್ನರಾದ ನಮ್ಮನ್ನು ಗೇಲಿ ಮಾಡುವುದು ಅವನಿಗೆ ಪ್ರಾರ್ಥನೆಯಷ್ಟೇ ನಿತ್ಯದ ಕೆಲಸ. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ನನ್ನ ಮುಂದೆ ಹಿಡಿದ.

"ತಗೋ, ಮಾರ್ಲಿಸ್."

"ಬೇಡ ನಾರ್ಬರ್ಟ್, ಇರಲಿ."

"ತಗೊಳ್ಳೇ."

"ಬೇಡಪ್ಪಾ, ನಿನಗೇ ಬೇಕಾಗುತ್ತೆ."

ಅವನು ಕೈ ಹಿಂದೆ ತೆಗೆಯಲಿಲ್ಲ. "ನೋಡು, ಮೂರನೇ ಸಲ ಕೇಳ್ತಾ ಇದೀನಿ. ನಿಮ್ಮ ಪೈಕಿ ಒಬ್ಬ ನಮ್ಮಜ್ಜಿ ಮನೆಗೆ ಊಟಕ್ಕೆ ಬಂದು ಉಪವಾಸ ಹೋದನಂತೆ. ನಮ್ಮಜ್ಜಿ ಎರಡೇ ಸಲ ಕೇಳಿದ್ಲು ಅಂತ."

ನಾನು ಪೆಪ್ಪರ್‌ಮಿಂಟ್ ತೆಗೆದುಕೊಂಡೆ. ಅವನು ಹೇಳಿದ್ದು ಗೇಲಿಯಾದರೂ ಸುಳ್ಳಲ್ಲ. ನಮ್ಮಲ್ಲಿ ಕಾಫಿಯಾಗಲಿ ಕೇಕಾಗಲಿ ಕೈಸಹಾಯವಾಗಲಿ, ಕೊಡುತ್ತೇನೆಂದಾಗ ಮೊದಲ ಸಲ ಬೇಡವೆನ್ನುತ್ತೇವೆ. ಎರಡನೇ ಸಲವೂ ಬೇಡವೆನ್ನುತ್ತೇವೆ. ಮೂರನೇ ಸಲ, "ಸರಿ, ಚೂರೇ ಚೂರು," ಎನ್ನುತ್ತೇವೆ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ಕೇಳುವವರಿಗೂ ಗೊತ್ತಿರುತ್ತದೆ, ಮೂರನೆಯದು ಬಂದೇ ಬರುತ್ತದೆ.

ಸಮಿತಿಯ ಅಧ್ಯಕ್ಷ ವಿಟ್‌ಲಾಕ್ ನಮ್ಮ ಕಡೆಯವರಲ್ಲ. ಅರಿಜೋನಾದಲ್ಲಿ ಸೇತುವೆಗಳ ಎಂಜಿನಿಯರ್ ಆಗಿದ್ದು, ನಿವೃತ್ತಿಯ ನಂತರ ಮಗಳ ಊರೆಂದು ಇಲ್ಲಿಗೆ ಬಂದು, ಆ ಜನವರಿಯಲ್ಲಷ್ಟೇ ಅಧ್ಯಕ್ಷರಾಗಿದ್ದರು. ಎಲ್ಲ ಕಾಗದವನ್ನೂ ಓದಿಕೊಂಡು ಬರುವ, ಯಾರ ಮಾತನ್ನೂ ತುಂಡರಿಸದ ಮನುಷ್ಯ. ಅಂದು ಕೂಡ ಹಾಗೆಯೇ ಇದ್ದರು. ವಾಹನ ನಿಲುಗಡೆ ಕೇಳಿದರು, ಶೌಚಾಲಯ ಕೇಳಿದರು, ಅಟ್ಟದ ತೊಲೆಗಳ ಬಲ ಕೇಳಿದರು. ಗುಡ್ಡದ ಮೇಲೆ ಹೊಸ ಮನೆ ಕಟ್ಟಿಸಿಕೊಂಡಿದ್ದ ದಂಪತಿ ಎದ್ದು ಸಂಗೀತದ ಸದ್ದಿನ ಬಗ್ಗೆ ಆತಂಕ ಹೇಳಿದರು. ಸದ್ದಿಗೊಂದು ಮಿತಿ ಹಾಕುವುದೆಂದಾಯಿತು. ಮತ್ಯಾರೂ ಏಳಲಿಲ್ಲ. ವಿಟ್‌ಲಾಕ್ ಮರದ ಸುತ್ತಿಗೆ ತಟ್ಟಿ, ಸಾರ್ವಜನಿಕರ ಅಭಿಪ್ರಾಯ ಮುಗಿಯಿತೆಂದರು. ಅಲ್ಲಿಂದಾಚೆ ಸಮಿತಿ ಮತ್ತು ಅರ್ಜಿದಾರ ಮಾತ್ರ ಮಾತಾಡಬಹುದು.

"ಮಿಸ್ಟರ್ ಬ್ರೆಕ್ಕೆ, ಊಟ ಬಡಿಸೋ ಕಟ್ಟಡದಲ್ಲೇ ದನ ಇರೋದರ ಬಗ್ಗೆ ಏನು ಯೋಚನೆ ಮಾಡಿದೀರಿ?"

ಆ ಪ್ರಶ್ನೆಗೆ ಉತ್ತರ ಅರ್ಜಿಯಲ್ಲೇ ಇತ್ತು. ಶನಿವಾರ ಸಂಜೆ ಹಸುಗಳು ಹೊರಗಿರುತ್ತವೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ವರ್ಲಿನ್‌ಗೆ, ಗುಡ್ಡದ ಮೇಲಿನವರು ಸದ್ದಿನ ವಿಷಯ ತೆಗೆದಾಗಿನಿಂದ, ತಾನು ನೆರೆಹೊರೆಗೆ ಭಾರವಾಗುತ್ತಿದ್ದೇನೆಂಬ ಸಂಕೋಚ ಹತ್ತಿತ್ತು. ಹಾಗಾದಾಗ ನಮ್ಮವರು ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಾರೆ.

"ಬಂದವರಿಗೆ ವಾಸನೆ, ನೊಣ, ಯಾವ ಕಾಟಾನೂ ಆಗಬಾರದು ಸರ್. ಹಸುಗಳನ್ನ ಹತ್ರಾನೇ ಬಿಡಲ್ಲ. ದೂರ ಇಡ್ತೀವಿ."

"ಎಷ್ಟು ದೂರ? ಮುನ್ನೂರು ಅಡಿ?"

"ಅದಕ್ಕಿಂತ ಹೆಚ್ಚೇ."

ವಿಟ್‌ಲಾಕ್ ಬರೆದುಕೊಂಡರು. ಅರ್ಜಿದಾರ ತಾನಾಗಿ ಒಪ್ಪಿಕೊಂಡದ್ದು ಪರವಾನಗಿಯ ಷರತ್ತಾಗುತ್ತದೆ. ಷರತ್ತು ಅಳೆಯಲು ಬರುವಂತಿರಬೇಕು; "ದೂರ" ಎಂದು ಬರೆದರೆ ನಾಳೆ ಯಾರೂ ತಪಾಸಣೆ ಮಾಡಲಾರರು. ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದರು: ಮೇ ಒಂದರಿಂದ ಅಕ್ಟೋಬರ್ ಮೂವತ್ತೊಂದರವರೆಗೆ, ಮದುವೆಗಳು ನಡೆಯುವ ವರ್ಷಗಳಲ್ಲಿ, ಆ ಕಟ್ಟಡದ ಒಳಗಾಗಲಿ ಅದರ ಸುತ್ತ ಮುನ್ನೂರು ಅಡಿಯೊಳಗಾಗಲಿ ಯಾವುದೇ ಜಾನುವಾರು ಇರತಕ್ಕದ್ದಲ್ಲ.

ಕೊರೀನ್ ಗಂಡನ ತೋಳು ಹಿಡಿದಳು. ವರ್ಲಿನ್‌ನ ಕಿವಿಯ ಹಿಂಬದಿ ಕೆಂಪಾದದ್ದು ನನಗೆ ಕಂಡಿತು. ಶನಿವಾರ ಸಂಜೆ ಎಂದುಕೊಂಡಿದ್ದು ಆರು ತಿಂಗಳಾಗಿತ್ತು. ಹಸುವನ್ನು ದಿನಕ್ಕೆರಡು ಸಲ ಕರೆಯಲೇಬೇಕು. ಕರೆಯುವ ಕೊಳವೆ, ಹಾಲು ತಂಪಾಗಿಸುವ ತೊಟ್ಟಿ ಎಲ್ಲ ಇದ್ದದ್ದು ಆ ಕಟ್ಟಡದಲ್ಲಿ.

ವಿಟ್‌ಲಾಕ್‌ಗೂ ಅದು ಹೊಳೆಯಿತು. ಕನ್ನಡಕ ತೆಗೆದು ಕೇಳಿದರು: "ಹಾಲು ಕರೆಯೋ ಹೊತ್ತಿಗೆ ಏನಾದ್ರೂ ವಿನಾಯಿತಿ ಬೇಕಾ? ಬೇಕಿದ್ರೆ ಸೇರಿಸಬಹುದು."

ನನ್ನ ಎದೆ ಹಗುರವಾಯಿತು.

"ಅಯ್ಯೋ, ಬೇಡ ಬಿಡಿ," ಎಂದ ವರ್ಲಿನ್. "ನಮಗೋಸ್ಕರ ಅಷ್ಟೆಲ್ಲ ಯಾಕೆ ತೊಂದರೆ ತಗೋತೀರಿ."

"ತೊಂದರೆ ಏನಿಲ್ಲ. ಒಂದು ಸಾಲು ಬರೆಯೋದು. ಸೇರಿಸಲಾ?"

"ಇಲ್ಲ ಇಲ್ಲ. ಹೇಗೋ ಆಗುತ್ತೆ."

ಹಾಗೆಂದು ವರ್ಲಿನ್ ಟೋಪಿಯತ್ತ ಬಗ್ಗಿ ನೋಡುತ್ತ ಕುಳಿತ. ಅವನ ಮುಖದಲ್ಲಿದ್ದ ಆ ಸಣ್ಣ ನಗು ನನಗೆ ಚೆನ್ನಾಗಿ ಗೊತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಹೂಜಿ ಹಿಡಿದವರು ಎರಡು ಸಲ ಕೇಳಿಯಾದ ಮೇಲೆ, ಬಟ್ಟಲಿನ ಮೇಲಿನ ಕೈಯನ್ನು ಇನ್ನೇನು ತೆಗೆಯುವ ಮುಂಚಿನ ನಗು ಅದು. ಕೊರೀನ್ ಕೂಡ ಕಾದಳು. ಅವಳೂ ನಮ್ಮವಳೇ.

ವಿಟ್‌ಲಾಕ್ ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು.

ನಾನು ಕೈ ಎತ್ತಿದೆ. ಅವರು ನೋಡಿದರು. "ಕ್ಷಮಿಸಿ, ಮಿಸೆಸ್ ಟೋಲೆಫ್ಸನ್. ಸಾರ್ವಜನಿಕರ ಮಾತು ಮುಗಿದಿದೆ. ಅದರಲ್ಲೂ ನೀವು ಮಾತಾಡಿದ್ರೆ ಪರವಾನಗಿನೇ ಬಿದ್ದುಹೋಗಬಹುದು, ನಿಮಗೇ ಗೊತ್ತಲ್ಲ." ಗೊತ್ತಿತ್ತು. ಹಿಂದಿನ ವರ್ಷ ಹಾಗೊಂದು ಪರವಾನಗಿ ನ್ಯಾಯಾಲಯದಲ್ಲಿ ಬಿದ್ದಿತ್ತು. ಕೈ ಇಳಿಸಿದೆ.

ನಾರ್ಬರ್ಟ್ ಕುಳಿತಲ್ಲಿಂದಲೇ ಕೂಗಿದ: "ಅವನನ್ನ ಇನ್ನೊಂದ್ಸಲ ಕೇಳ್ರೀ!"

ಎಲ್ಲರೂ ನಕ್ಕರು. ನಾರ್ಬರ್ಟ್ ಬಾಯಿ ತೆರೆದರೆ ನಗುವುದು ಊರಿಗೆ ರೂಢಿಯಾಗಿತ್ತು. ವಿಟ್‌ಲಾಕ್ ಸುತ್ತಿಗೆ ತಟ್ಟಿದರು. ಪರವಾನಗಿ ಸರ್ವಾನುಮತದಿಂದ ಮಂಜೂರಾಯಿತು.

ಹೊರಗಿನ ಮೊಗಸಾಲೆಯಲ್ಲಿ ಜನ ವರ್ಲಿನ್‌ನ ಕೈ ಕುಲುಕುತ್ತಿದ್ದರು. ಅವನು ಎಲ್ಲರಿಗೂ ವಂದನೆ ಹೇಳಿ, ಕೊನೆಗೆ ನಮ್ಮ ಬಳಿ ಬಂದ.

"ಮತ್ತೆ ಕೇಳ್ತಾರೆ ಅನ್ಕೊಂಡೆ, ಮಾರ್ಲಿಸ್."

"ಅವರು ಅರಿಜೋನಾದವರು ಕಣಯ್ಯ," ಎಂದ ನಾರ್ಬರ್ಟ್. ಅವನ ದನಿಯಲ್ಲಿ ಗೇಲಿ ಇರಲಿಲ್ಲ. "ಅಲ್ಲಿ ಎರಡು ಸಲ ಕೇಳಿದ್ದೇ ಹೆಚ್ಚು."

ಮರುದಿನ ನಾನು ವಿಟ್‌ಲಾಕ್ ಅವರ ಮನೆಗೆ ಹೋದೆ. ಕಾಫಿ ಬೇಕೇ ಎಂದರು. ಬೇಡವೆಂದೆ. ಕಾಫಿ ಬರಲಿಲ್ಲ. ಆಗಿದ್ದನ್ನು ವಿವರಿಸಿದೆ. ಮೊದಲು ನಕ್ಕರು, ಆಮೇಲೆ ಅಂದಿನ ಟಿಪ್ಪಣಿ ತೆಗೆದು ನೋಡಿದರು.

"ನಾನು ಎರಡು ಸಲ ಕೇಳಿದೆನಲ್ಲ."

"ಕೇಳಿದ್ರಿ."

"ಮೂರನೇದು ಅಂತ ಒಂದಿದೆ ಅಂತ ಯಾರಾದ್ರೂ ಹೇಳ್ಬೇಕಿತ್ತು ನನಗೆ."

"ಅದು ಇದೆ ಅಂತ ನಮಗೇ ಗೊತ್ತಾಗೋದು ಬೇರೆಯವರು ನಕ್ಕಾಗ," ಎಂದೆ.

ಮಂಜೂರಾದ ಪರವಾನಗಿಯನ್ನು ಅವರೊಬ್ಬರೇ ತಿದ್ದುವಂತಿರಲಿಲ್ಲ. ಅರ್ಜಿದಾರ ಸಹಿ ಮಾಡಿ ತಿದ್ದುಪಡಿ ಕೇಳಬೇಕು, ನೆರೆಯವರಿಗೆ ತಿಳುವಳಿಕೆ ಹೋಗಬೇಕು, ಮತ್ತೆ ಸಭೆ ನಡೆಯಬೇಕು. ಬೇಗವೆಂದರೆ ಜೂನ್ ಮಧ್ಯ. ಷರತ್ತು ಜಾರಿಗೆ ಬರುವುದು ಮೇ ಒಂದಕ್ಕೆ. ನಡುವಿನ ಆರು ವಾರ ಹಸುಗಳನ್ನು ಎಲ್ಲಿ ಕರೆಯುವುದು?

ನಾರ್ಬರ್ಟ್ ತನ್ನ ಕೊಟ್ಟಿಗೆ ಕೊಡುತ್ತೇನೆಂದ. ಅವನು, ನಾನು, ವರ್ಲಿನ್ ಮೂವರೂ ಹೋಗಿ ನೋಡಿದೆವು. ಹಾಲಿನ ಕೊಳವೆಗಳನ್ನು ಅವನು ಹಸುಗಳ ಜೊತೆಯಲ್ಲೇ ಮಾರಿದ್ದ. ನೀರಿನ ಕೊಳವೆಗಳು ಚಳಿಗೆ ಒಡೆದಿದ್ದವು. ಗೋದಲಿಯಲ್ಲಿ ಹಳೆಯ ಟೈರುಗಳಿದ್ದವು. ನಾರ್ಬರ್ಟ್ ಒಂದು ಟೈರನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ, ಅಲ್ಲೇ ಮತ್ತೆ ಇಟ್ಟ. "ಇದನ್ನ ಇಷ್ಟು ಕೆಡಿಸಿಟ್ಟಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ," ಎಂದ.

ಉಳಿದದ್ದು ಒಂದೇ ದಾರಿ. ಆ ಭಾನುವಾರ ಚರ್ಚು ಮುಗಿಸಿ ವರ್ಲಿನ್‌ನ ಅಡುಗೆಮನೆಯಲ್ಲಿ ಕುಳಿತು ನಾನು ಅದನ್ನೇ ಹೇಳಿದೆ. ಈ ವರ್ಷ ಮದುವೆಗಳನ್ನೆಲ್ಲ ರದ್ದು ಮಾಡು. ಮದುವೆ ಇಲ್ಲದಿದ್ದರೆ ಷರತ್ತೂ ಇಲ್ಲ. ಜೂನ್‌ನಲ್ಲಿ ತಿದ್ದುಪಡಿ ಮಾಡಿಸಿ ಮುಂದಿನ ವರ್ಷ ಶುರುಮಾಡು.

"ಆಗಲ್ಲ," ಎಂದ.

ಕೊರೀನ್ ಲೆಫ್ಸೆಗೆ, ಎಂದರೆ ನಮ್ಮವರ ತೆಳು ಆಲೂಗಡ್ಡೆ ರೊಟ್ಟಿಗೆ, ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಸುರುಳಿ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ವಿಟ್‌ಲಾಕ್ ಒಪ್ತಾರೆ ವರ್ಲಿನ್. ಅವರ ಬಾಯಲ್ಲೇ ಕೇಳಿದೀನಿ. ಒಂದು ಸಹಿ ಹಾಕು."

"ಬೇಡ ಮಾರ್ಲಿಸ್."

ನಾನು ಕಾಫಿಯ ಬಟ್ಟಲು ಪಕ್ಕಕ್ಕಿಟ್ಟು, ಅವನ ಕಣ್ಣನ್ನೇ ನೋಡುತ್ತ, ಬೇಕೆಂದೇ ಮೂರನೆಯ ಸಲ ಕೇಳಿದೆ. "ಹಸುಗಳಿಗೋಸ್ಕರ. ಸಹಿ ಹಾಕ್ತೀಯಾ?"

ಅವನಿಗೂ ಅರ್ಥವಾಯಿತು. ನಾನು ಏನು ಮಾಡುತ್ತಿದ್ದೇನೆಂದು ನೋಡಿ ಕ್ಷಣ ನಕ್ಕ. ಆಮೇಲೆ, "ಇಲ್ಲ," ಎಂದ.

ನಮ್ಮಲ್ಲಿ ಮೂರನೆಯ ಸಲ ಇಲ್ಲವೆಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾಲ್ಕನೆಯ ಸಲ ಕೇಳುವ ರೀತಿಯೇ ನಮಗಿಲ್ಲ.

"ಯಾಕೆ ಅಂತ ಹೇಳ್ತೀನಿ ಕೇಳು," ಎಂದ ವರ್ಲಿನ್. "ಶಾಲೆ ಬಸ್ಸು ಓಡಿಸ್ತಾನಲ್ಲ, ಅವನ ಮಗಳದೇ ಮೊದಲನೇ ಮದುವೆ. ಆಮಂತ್ರಣ ಅಚ್ಚಾಗಿ ಹೋಗಿದೆ. ನಮ್ಮ ಕೊಟ್ಟಿಗೆ ಹೆಸರು ಅದರಲ್ಲಿದೆ. ಆ ಹುಡುಗಿಗೆ ಹೋಗಿ ನಾನೇನು ಹೇಳ್ಲಿ? ಅದನ್ನೂ ಬಿಡು. ಮದುವೆ ಇಲ್ಲದಿದ್ರೆ ಈ ಬೇಸಿಗೆಯಲ್ಲಿ ಹಿಂಡಿ ಎಲ್ಲಿಂದ ತರ್ಲಿ? ಮದುವೆ ಬಿಟ್ರೆ ಹಸು ಆಗಸ್ಟಲ್ಲಿ ಹೋಗ್ತವೆ. ಮದುವೆ ಇಟ್ಕೊಂಡ್ರೆ ಮೇನಲ್ಲಿ ಹೋಗ್ತವೆ. ಮನೆ ಆದ್ರೂ ಉಳೀಲಿ."

"ನೀನು ಎಲ್ಲಾ ಕೂಡಿ ಕಳೆದು ನೋಡಿಟ್ಟಿದೀಯ."

"ರಾತ್ರಿಯೆಲ್ಲಾ ಇನ್ನೇನು ಮಾಡ್ಲಿ."

ಕೊರೀನ್ ಮೊದಲ ಸಲ ಮಾತಾಡಿದಳು. "ಅವತ್ತು ನಾನಾದ್ರೂ ಹೂಂ ಅನ್ಬೇಕಿತ್ತು. ನನ್ನ ಕೈ ಇವರ ತೋಳ ಮೇಲೇ ಇತ್ತು. ಒಂದ್ಸಲ ಚಿವುಟಿದ್ರೆ ಸಾಕಿತ್ತು."

"ನೀನು ಚಿವುಟಿದ್ರೂ ನಾನು ಬೇಡ ಅಂತಾನೇ ಅಂತಿದ್ದೆ," ಎಂದ ವರ್ಲಿನ್. ಅವಳ ಮುಂದಿದ್ದ ಲೆಫ್ಸೆಯ ತಟ್ಟೆಯನ್ನು ನನ್ನ ಕಡೆ ತಳ್ಳಿದ. ನಾನು ಮೊದಲ ಸಲಕ್ಕೇ ತೆಗೆದುಕೊಂಡೆ.

ಹಸುಗಳು ಹೋದದ್ದು ಏಪ್ರಿಲ್ ಕೊನೆಯ ಸೋಮವಾರ. ಪಕ್ಕದ ಕೌಂಟಿಯ ಒಂದು ದೊಡ್ಡ ಫಾರ್ಮು ಕೊಂಡುಕೊಂಡಿತ್ತು; ಅಲ್ಲಿ ಮೂರು ಪಾಳಿಯಲ್ಲಿ ಹಾಲು ಕರೆಯುತ್ತಾರೆ, ಹಸುಗಳಿಗೆ ಹೆಸರಿಲ್ಲ, ಕಿವಿಯಲ್ಲಿ ಸಂಖ್ಯೆ. ಸಾಗಿಸಲು ಬೇರೆ ಯಾರೂ ಬರುವುದು ಬೇಡವೆಂದು ನಾರ್ಬರ್ಟ್ ತಾನೇ ಬಂದ. ವರ್ಲಿನ್ ಬೆಳಿಗ್ಗೆ ಎಂದಿನಂತೆ ಹಾಲು ಕರೆದಿದ್ದ, ಕೆಚ್ಚಲು ಒರೆಸಿದ್ದ, ಪ್ರತಿಯೊಂದರ ಬೆನ್ನಿಗೂ ಕುಂಚ ಎಳೆದಿದ್ದ.

ಹಸುವಿಗೆ ತಾನು ನಿಲ್ಲುವ ಜಾಗ ಗೊತ್ತು. ಬಾಗಿಲು ತೆರೆದರೆ ತಂತಮ್ಮ ಸರದಿಯಲ್ಲಿ ಒಳಬಂದು ತಂತಮ್ಮ ಗೋದಲಿಯ ಮುಂದೆ ನಿಲ್ಲುತ್ತವೆ; ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ವರ್ಲಿನ್ ಟ್ರೇಲರಿಗೂ ಅದೇ ಸರದಿಯಲ್ಲಿ ಹತ್ತಿಸಬೇಕೆಂದ.

"ಇದೇನು ಮೆರವಣಿಗೆಯೇನಯ್ಯ?" ಎಂದ ನಾರ್ಬರ್ಟ್. "ಹತ್ರ ಇರೋದನ್ನ ಹತ್ತಿಸೋಣ."

"ಪಕ್ಕದಲ್ಲಿ ಗೊತ್ತಿರೋರು ಇದ್ರೆ ಹೆದರಲ್ಲ."

ಸರದಿಯಂತೆಯೇ ಹತ್ತಿಸಿದೆವು. ಡಾಗ್ರೋಸ್ ಎಂಬ ಮುದಿ ಹಸು ಕೊನೆಯದು. ಅದು ಇಳಿಜಾರಿನ ಹಲಗೆಯ ತನಕ ಬಂದು, ಹಿಂದೆ ತಿರುಗಿ, ಖಾಲಿ ಕೊಟ್ಟಿಗೆಯೊಳಗೆ ನಡೆದುಹೋಗಿ ತನ್ನ ಜಾಗದಲ್ಲಿ ನಿಂತುಕೊಂಡಿತು. ಹಗ್ಗ ಹಾಕಿ ಎಳೆಯಲು ಹೋದ ನಾರ್ಬರ್ಟ್‌ನನ್ನು ವರ್ಲಿನ್ ತಡೆದ. ಒಳಗೆ ಹೋಗಿ ಅದರ ಕುತ್ತಿಗೆ ತುರಿಸುತ್ತ ಏನೋ ಹೇಳಿದ. ನಾವು ಹೊರಗಿದ್ದೆವು, ಕೇಳಿಸಲಿಲ್ಲ. ಆಮೇಲೆ ಅದು ಅವನ ಹಿಂದೆಯೇ ಬಂದು ಹತ್ತಿತು.

"ಡಾಗ್ರೋಸ್‌ಗೆ ಎಡಗಡೆಯಿಂದ ಹೋಗ್ಬೇಡಿ ಅಂತ ಹೇಳು ಅಲ್ಲಿಯವರಿಗೆ," ಎಂದ ವರ್ಲಿನ್ ಚಾಲಕನ ಕಿಟಕಿಗೆ ಕೈಯಿಟ್ಟು. "ಆ ಕಡೆ ಕಣ್ಣು ಮಂಜು. ಟಿಲ್ಲಿಗೆ ತಣ್ಣೀರು ಹಾಕಿದ್ರೆ ಹಾಲು ಬಿಡಲ್ಲ. ಮೂಲೇಲಿರೋ ಕಡಸು ಜುಲೈನಲ್ಲಿ ಈಯುತ್ತೆ, ಮೊದಲನೇದು."

"ನಾನು ಬರೀ ಗಾಡಿ ಓಡಿಸೋನು ಕಣೋ."

"ಹೇಳು ಅಷ್ಟೆ."

"ಡಾಗ್ರೋಸ್ ಎಡಗಣ್ಣು ಮಂಜು," ಎಂದ ನಾರ್ಬರ್ಟ್, ಮುಂದಿನ ಗಾಜನ್ನೇ ನೋಡುತ್ತ. "ಟಿಲ್ಲಿಗೆ ಬಿಸಿನೀರು. ಕಡಸು ಜುಲೈಗೆ. ಹೇಳ್ತೀನಿ."

ಕೃಷಿ ವಲಯದಲ್ಲಿ ವಾಣಿಜ್ಯಕ್ಕೆ ಅವಕಾಶ ಕೊಡುವಾಗ ನಮ್ಮ ನಿಯಮದ ಮೊದಲ ಸಾಲು ಹೀಗಿದೆ: ವಾಣಿಜ್ಯ ಬಳಕೆಯು ಕೃಷಿಗೆ ಪೂರಕವಾಗಿರಬೇಕು, ಅದನ್ನು ಸ್ಥಳಾಂತರಿಸಬಾರದು. ಆ ಸಾಲನ್ನು ಬರೆದ ಉಪಸಮಿತಿಯಲ್ಲಿ ನಾನೂ ಇದ್ದೆ. ವರ್ಲಿನ್‌ನ ಹೊಲಗಳನ್ನು ಈಗ ದೊಡ್ಡ ಫಾರ್ಮಿನವರು ಗುತ್ತಿಗೆ ಹಿಡಿದು ಮುಸುಕಿನ ಜೋಳ ಬಿತ್ತಿದ್ದಾರೆ. ಜೋಳವೂ ಕೃಷಿಯೇ. ಹಾಗಾಗಿ ಯಾವ ನಿಯಮವೂ ಮುರಿದಿಲ್ಲ. ನಾನು ಅದನ್ನು ಎರಡೆರಡು ಬಾರಿ ಓದಿ ನೋಡಿದೆ.

ಮೇ ತಿಂಗಳಲ್ಲಿ ಕೊಟ್ಟಿಗೆಯ ಕೆಳಭಾಗವನ್ನು ತೊಳೆದು ಸುಣ್ಣ ಹೊಡೆದರು. ಗೋದಲಿಗಳನ್ನು ಕಿತ್ತು, ಅಲ್ಲಿ ಪಾನೀಯ ಕೊಡುವ ಉದ್ದನೆಯ ಕಟ್ಟೆ ಮಾಡಿದರು. ಜೂನ್ ಒಂದರ ಶನಿವಾರ ಮೊದಲ ಮದುವೆ. ಸುಳ್ಳು ಹೇಳಬಾರದು, ಬಹಳ ಚೆಂದವಿತ್ತು. ಅಟ್ಟದ ಹಲಗೆ ಸಂದಿಗಳಿಂದ ಬಂದ ಸಂಜೆ ಬಿಸಿಲು ಜನರ ಹೆಗಲ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಪಿಟೀಲು, ಅಕಾರ್ಡಿಯನ್. ವರ್ಲಿನ್ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹುಲ್ಲುಗಾವಲಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಕೈ ಬೀಸುವ ರೀತಿ, ಹಿಂದಿನಿಂದ ಹೋಗಿ ಮೆಲ್ಲಗೆ ತಟ್ಟುವ ರೀತಿ, ಎಲ್ಲ ಹಸುಗಳಿಗೆ ಮಾಡುತ್ತಿದ್ದಂತೆಯೇ.

ಮದುಮಗಳು ಉದ್ದನೆಯ ಬಿಳಿ ಉಡುಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವನ ಹತ್ತಿರ ಬಂದಳು. ನಾನು ಪಕ್ಕದಲ್ಲಿದ್ದೆ.

"ವರ್ಲಿನ್ ಅಂಕಲ್, ಹಸುಗಳೆಲ್ಲಿ? ಒಂದು ಫೋಟೋ ತೆಗೆಸ್ಕೋಬೇಕು ಅಂತಿದ್ವಿ."

"ಇಲ್ಲಮ್ಮ, ಅವು ಹೋದ್ವು."

"ಅಯ್ಯೋ, ಹೌದಾ?" ಅವಳಿಗೆ ನಿಜವಾಗಿಯೂ ಬೇಜಾರಾಯಿತು. "ಚಿಕ್ಕವಳಿದ್ದಾಗ ಅಪ್ಪನ ಬಸ್ಸಿಂದ ದಿನಾ ನೋಡ್ತಿದ್ದೆ. ಅದಕ್ಕೇ ಅಲ್ವಾ ಇಲ್ಲೇ ಆಗಬೇಕು ಅಂದಿದ್ದು. ವಾಸನೆ ಬಂದ್ರೂ ಪರವಾಗಿಲ್ಲ ಅಂತ ಇವರಿಗೂ ಹೇಳಿಟ್ಟಿದ್ದೆ."

ವರ್ಲಿನ್ ಅವಳ ಕೈ ಹಿಡಿದು, ಒಳ್ಳೆಯದಾಗಲಿ ಎಂದ. ಆಮೇಲೆ ಇನ್ನೊಂದು ಕಾರು ಬಂತು.

ಮರುವಾರ ಗುಡ್ಡದ ಮೇಲಿನ ದಂಪತಿ ಸದ್ದಿನ ಬಗ್ಗೆ ದೂರು ಕೊಟ್ಟರು. ಷರತ್ತಿನ ಪ್ರಕಾರ ಸಂಗೀತದ ಸದ್ದು ಆ ಸ್ಥಳದ ಸಹಜ ಸದ್ದಿಗಿಂತ ಇಷ್ಟೇ ಹೆಚ್ಚಿರಬಹುದೆಂದಿತ್ತು. ಸಹಜ ಸದ್ದು ಎಷ್ಟೆಂದು ಯಾರೂ ಅಳೆದಿರಲಿಲ್ಲ. ಅಳೆಯಲು ನನಗೆ ಹೇಳಿದರು. ತಮ್ಮನ ಜಾಗ, ಬೇರೆಯವರಿಗೆ ಹೇಳಿ ಎಂದೆ. "ನಿಮ್ಮ ಅಂಕಿಯನ್ನ ಗುಡ್ಡದ ಮೇಲಿನವರೂ ಒಪ್ತಾರಂತೆ, ಕೇಳಿದೆ," ಎಂದರು ವಿಟ್‌ಲಾಕ್. ಅಂಗಡಿಯಲ್ಲಿ ಸಿಗುವ ಉಪಕರಣಗಳು ಮೂವತ್ತು ಡೆಸಿಬೆಲ್‌ಗಿಂತ, ಅಂದರೆ ಪಿಸುಮಾತಿಗಿಂತ, ಕೆಳಗಿನ ಸದ್ದನ್ನು ಸರಿಯಾಗಿ ತೋರಿಸುವುದಿಲ್ಲ. ವಿಶ್ವವಿದ್ಯಾಲಯದಿಂದ ಒಳ್ಳೆಯದೊಂದನ್ನು ಎರವಲು ತಂದೆ.

ಗಾಳಿಯಿಲ್ಲದ ಒಂದು ಮಂಗಳವಾರ, ಬೆಳಕು ಹರಿಯುವ ಹೊತ್ತಿಗೆ ಹೋದೆ. ಬೇಲಿಯ ಗುಂಟ ಅಳತೆ ಮುಗಿಸಿ, ಕಾರಿನ ಕಡೆ ಬರುವಾಗ ಕೊಟ್ಟಿಗೆಯ ಕೆಳಬಾಗಿಲು ತೆರೆದಿರುವುದು ಕಂಡಿತು. ಒಳಗೆ ವರ್ಲಿನ್ ನಿಂತಿದ್ದ. ಕಾಲಿಗೆ ರಬ್ಬರ್ ಬೂಟು ಹಾಕಿದ್ದ. ಕೈಯಲ್ಲಿ ಏನೂ ಇರಲಿಲ್ಲ.

"ಇಷ್ಟು ಬೇಗ ಎದ್ದಿದೀಯ?"

"ಹೊತ್ತಿಗೆ ಎಚ್ಚರ ಆಗುತ್ತೆ. ಮಲಗಿದ್ರೆ ಕೊರೀನ್ ನಿದ್ದೆನೂ ಕೆಡುತ್ತೆ ಅಂತ ಬರ್ತೀನಿ."

"ದಿನಾನಾ?"

ಅವನು ನನ್ನ ಕೈಯಲ್ಲಿದ್ದ ಉಪಕರಣವನ್ನು ನೋಡಿದ. "ಇಲ್ಲೂ ಅಳೆ."

"ಇಲ್ಲಿಯದು ಬೇಕಾಗಿಲ್ಲ ವರ್ಲಿನ್. ಬೇಲಿ ಹತ್ರದ್ದು ಸಾಕು."

"ಸುಮ್ನೆ. ನನಗೋಸ್ಕರ ಅಳೆ."

ಮುಕ್ಕಾಲಿಯನ್ನು ನಡುದಾರಿಯಲ್ಲಿ ನಿಲ್ಲಿಸಿದೆ. ಪಾನೀಯದ ಕಟ್ಟೆಯ ಹಿಂದಿನ ಶೀತಕ ಗುಂಯ್ ಎನ್ನುತ್ತಿತ್ತು. ಅದರ ತಂತಿ ಕಿತ್ತೆ. ತೊಲೆಯ ಮೇಲಿನ ಮಣ್ಣಿನ ಗೂಡುಗಳಲ್ಲಿ ಆ ವರ್ಷ ಕವಲುಬಾಲದ ಹಕ್ಕಿಗಳು ಮರಿ ಮಾಡಿರಲಿಲ್ಲ. ಹಸುಗಳಿಲ್ಲದೆ ನೊಣವಿಲ್ಲ, ನೊಣವಿಲ್ಲದೆ ಅವಿಲ್ಲ. ಒಂದು ನಿಮಿಷ ಅಲುಗಾಡಬೇಡ ಎಂದೆ. ವರ್ಲಿನ್ ಗೋಡೆಗೆ ಬೆನ್ನು ಕೊಟ್ಟು, ಟೋಪಿ ತೆಗೆದು, ಕಣ್ಣು ಮುಚ್ಚಿದ. ಈ ಹೊತ್ತಿಗೆ ಇಲ್ಲಿ ಕರೆಯುವ ಯಂತ್ರದ ಪಂಪು, ಮೆಲುಕು, ಸರಪಳಿ, ಹಳೆಯ ರೇಡಿಯೊ ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕಿತ್ತು. ನಿಮಿಷವಾದ ಮೇಲೂ ಅವನು ಕಣ್ಣು ತೆರೆಯಲಿಲ್ಲ. ನಾನು ಇನ್ನೊಂದು ನಿಮಿಷ ಕಾದೆ.

"ಎಷ್ಟು ಬಂತು?" ಎಂದು ಕೇಳಿದ.

ಪರದೆ ನೋಡಿ ಹೇಳಿದೆ. ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಡೆಸಿಬೆಲ್.